ಟವರಿನ ಸ್ವರ

ಮಂಗಳವಾರ, ಬೆಳಿಗ್ಗೆ ಹತ್ತೂವರೆ
ಗ್ರಂಥಾಲಯ

ರೀ,

ಹೀಗೆಯೇ ಶುರು ಮಾಡುತ್ತೇನೆ. ಇಪ್ಪತ್ತೊಂಬತ್ತು ವರ್ಷದಿಂದ ಅಡುಗೆಮನೆಯಿಂದ ಕೂಗುತ್ತ ಬಂದದ್ದೂ ಹೀಗೆಯೇ ಅಲ್ಲವೇ? ‘ಪ್ರೀತಿಯ’ ಎಂದು ಬರೆದರೆ ಈಗ ನೀವು ನಂಬುವುದಿಲ್ಲ. ‘ಮಾನ್ಯರೇ’ ಎಂದು ಬರೆದರೆ ಸಮಿತಿಗೆ ಬಂದ ಕಾಗದವೆಂದು ಫೈಲಿಗೆ ಸೇರಿಸಿಬಿಡುತ್ತೀರಿ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ಮೂರು ಸಲ ಮಾಡಿದೆ. ನೀವು ಅಕ್ಕನ ಮನೆಯಲ್ಲಿ, ಮೊಬೈಲ್ ಮುಟ್ಟುವುದಿಲ್ಲವೆಂದು ಶಪಥ ಮಾಡಿ ಕೂತಿದ್ದೀರಿ. ನಿಮ್ಮಕ್ಕ ತಮ್ಮ ಫೋನನ್ನು ನಿಮ್ಮ ಕಿವಿಯಿಂದ ಒಂದು ಮೊಳ ದೂರ ಹಿಡಿದು ನಿಂತಿದ್ದರು. ನಾನು ಹೇಳಿದ್ದಕ್ಕೆಲ್ಲ ನೀವು ‘ಹಾಂ? ಹಾಂ?’ ಎನ್ನುವುದು, ಅವರು ಅದನ್ನು ತಮಗೆ ಬೇಕಾದ ಹಾಗೆ ತಿದ್ದಿ ಕೂಗುವುದು. ‘ಡಾಕ್ಟರ ಹತ್ತಿರ ಒಮ್ಮೆ ಹೋಗಿ ಬರೋಣ’ ಎಂದು ನಾನು ಮೆತ್ತಗೆ ಹೇಳಿದ್ದು ನಿಮ್ಮನ್ನು ತಲುಪಿದ್ದು ಹೀಗೆ: ‘ನಿಂಗೆ ತಲೆ ಕೆಟ್ಟಿದೆಯಂತೆ ಕಣೋ!’ ಅದಕ್ಕೇ ಈ ಕಾಗದ. ದಯವಿಟ್ಟು ಇದನ್ನು ನೀವೇ ಓದಿ, ಅವರ ಕೈಗೆ ಕೊಡಬೇಡಿ.

ವಿಷಯ ಇಷ್ಟೇ. ಶುಕ್ರವಾರದ ಟವರ್ ವಿಚಾರಣೆಗೆಂದು ನಿಮ್ಮ ಟವರ್ ವಿರೋಧಿ ಸಮಿತಿಯ ಅಧ್ಯಕ್ಷರಾದ ಹೆಡ್‌ಮಾಸ್ತರು ಬರೆಸಿರುವ ಅಫಿಡವಿಟ್ಟಿಗೆ ಸಹಿ ಹಾಕಬೇಡಿ.

ಅದನ್ನು ನಾನು ಓದಿದ್ದೇನೆ. ಅವರು ಜೆರಾಕ್ಸ್ ಮಾಡಿಸಲು ಬಂದದ್ದು ನಮ್ಮ ಗ್ರಂಥಾಲಯಕ್ಕೇ, ಮೆಷಿನ್ ಇರುವುದು ನನ್ನ ಮೇಜಿನ ಪಕ್ಕದಲ್ಲೇ. ‘ನಾನು ಮೂವತ್ತನಾಲ್ಕು ವರ್ಷಗಳಿಂದ ಪಿಯಾನೊ ಶ್ರುತಿ ಮಾಡುವ ವೃತ್ತಿಯಲ್ಲಿದ್ದು, ನನ್ನ ಶ್ರವಣಶಕ್ತಿಯು ಪರಿಪೂರ್ಣವಾಗಿದ್ದು, ಸದರಿ ಮೊಬೈಲ್ ಟವರಿನಿಂದ ಹೊರಡುವ ಶಬ್ದವನ್ನು ಸ್ವಂತ ಕಿವಿಯಿಂದ ಕೇಳಿರುತ್ತೇನೆ.’ ಆ ‘ಪರಿಪೂರ್ಣ’ದ ಹತ್ತಿರ ನನ್ನ ಕಣ್ಣು ನಿಂತಿತು. ಹೆಡ್‌ಮಾಸ್ತರು ಮಾತ್ರ ಹಿಗ್ಗಿ ಹೋಗಿದ್ದರು. ‘ನಿಮ್ಮೆಜಮಾನ್ರ ಕಿವಿ ಒಂದಿದ್ರೆ ಸಾಕು ಮೇಡಂ, ಟವರ್ ಬಿದ್ದಂಗೇ’ ಎಂದರು.

ನೀವು ಸಹಿ ಮಾಡಿದ ಮರುಕ್ಷಣ ಕಂಪನಿಯ ವಕೀಲರು ಎದ್ದು, ಹಾಗಾದರೆ ಕಿವಿಯನ್ನೇ ಪರೀಕ್ಷಿಸೋಣ ಎನ್ನುತ್ತಾರೆ. ಎಲ್ಲರ ಎದುರಿಗೆ ಎನ್ನುತ್ತಾರೆ. ಇದು ನನ್ನ ಊಹೆಯಲ್ಲ, ಹಾಗೇ ಆಗುತ್ತದೆ. ಮಾರನೆಯ ದಿನ ಪತ್ರಿಕೆಯವರು ಬರೆಯುತ್ತಾರೆ. ಆಮೇಲೆ ನಿಮ್ಮನ್ನು ಯಾವ ಮನೆಯವರು, ಯಾವ ಶಾಲೆಯವರು ಪಿಯಾನೊ ಮುಟ್ಟಲು ಕರೆದಾರು?

ಮನೆ ಬಿಟ್ಟು ಹೊರಟಾಗ ‘ನೀನು ಕಂಪನಿ ಕಡೆ’ ಎಂದಿರಿ. ಅದೊಂದು ಮಾತು ನನ್ನ ಹೊಟ್ಟೆ ಉರಿಸುತ್ತಿದೆ. ನಮ್ಮ ಮನೆ ಎದುರಿನ ಕನ್ನಡಕದ ಅಂಗಡಿಯವರು ತಮ್ಮ ಮಾಳಿಗೆಯನ್ನು ಕಂಪನಿಗೆ ಬಿಟ್ಟುಕೊಟ್ಟು, ಅಕ್ಕಪಕ್ಕದವರಿಗೆ ಒಂದು ಮಾತೂ ತಿಳಿಸದೆ, ಮೂರೇ ದಿನದಲ್ಲಿ ಟವರ್ ನಿಲ್ಲಿಸಿದಾಗ ಮೊದಲ ಅರ್ಜಿ ಬರೆದವರು ಯಾರು? ನಾನು. ಏಳು ಪ್ರಶ್ನೆ ಕೇಳಿದ್ದೆ. ಪುರಸಭೆಯಿಂದ ಬಂದದ್ದು ಒಂದೇ ಸಾಲು: ‘ಎಲ್ಲವೂ ನಿಯಮಾನುಸಾರ ಇರುತ್ತದೆ.’ ಯಾವ ನಿಯಮ, ಯಾರು ಅಳೆದರು, ಯಾವಾಗ ಅಳೆದರು, ಒಂದೂ ಇಲ್ಲ. ಬಣ್ಣದ ಕಾರ್ಖಾನೆಯ ಕಾಲುವೆ ಕೆಂಪಗೆ ಹರಿಯುತ್ತಿದ್ದಾಗಲೂ ಅದೇ ಕಚೇರಿ ಒಂಬತ್ತು ವರ್ಷ ಅದೇ ಸಾಲನ್ನು ಬರೆಯಿತು. ಹತ್ತನೆಯ ವರ್ಷ ಕಾಲುವೆಗೆ ಸಿಮೆಂಟ್ ಹಲಗೆ ಮುಚ್ಚಿಸಿ ‘ನೀರನ್ನು ಮುಟ್ಟಬಾರದು’ ಎಂದು ಬೋರ್ಡ್ ನೆಟ್ಟಿತು. ಎಲ್ಲರೂ ಮರೆತಿದ್ದಾರೆ, ನಾನು ಮರೆತಿಲ್ಲ. ಇವತ್ತು ಆ ಕಚೇರಿ ನಿಜವನ್ನೇ ಹೇಳಿದರೂ ಜನ ನಂಬುವುದಿಲ್ಲ. ತಪ್ಪು ಜನರದ್ದಲ್ಲ.

ಆದರೆ ಅವರು ಅವತ್ತು ಸುಳ್ಳು ಹೇಳಿದ್ದರಿಂದ, ಇವತ್ತು ನಾವು ಹೇಳುವುದೆಲ್ಲ ನಿಜವಾಗಿಬಿಡುತ್ತದೆಯೇ?

ನಾಲ್ಕು ತಿಂಗಳು ನಾನು ಓದಿದ್ದು ನಿಮಗೆ ಗೊತ್ತು. ಪರ ಇದ್ದದ್ದನ್ನೂ ಓದಿದೆ, ವಿರೋಧ ಇದ್ದದ್ದನ್ನೂ ಓದಿದೆ. ಕೆಲವು ವರದಿಗಳನ್ನು ಎರಡೆರಡು ಸಲ ಓದಿದೆ. ತಿಳಿದದ್ದನ್ನು ಸುಲಭವಾಗಿ ಹೇಳುತ್ತೇನೆ. ನಮ್ಮ ತಲೆಗೆ ಅಂಟಿಸಿಕೊಳ್ಳುವ ಮೊಬೈಲಿಗೆ ಹೋಲಿಸಿದರೆ ಮಾಳಿಗೆ ಮೇಲಿನ ಟವರಿನಿಂದ ಬಂದು ತಲುಪುವ ವಿಕಿರಣ ತೀರ ಕಡಿಮೆ. ಅಷ್ಟರಿಂದ ಕಾಯಿಲೆ ಬರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದುವರೆಗೆ ಸಿಕ್ಕಿಲ್ಲ. ‘ಇನ್ನು ಏನೂ ಹುಡುಕಬೇಕಾಗಿಲ್ಲ’ ಎಂದು ವಿಷಯ ಬಲ್ಲವರು ಯಾರೂ ಹೇಳಿಲ್ಲ. ಇನ್ನೊಂದು ಬಗೆಯ ಪರೀಕ್ಷೆ ನನ್ನ ಮನಸ್ಸಿಗೆ ನಾಟಿತು. ಜನರನ್ನು ಕೋಣೆಯಲ್ಲಿ ಕೂರಿಸಿ, ಟವರಿನಂಥ ಅಲೆ ಬಿಡುವ ಯಂತ್ರ ನಡೆಯುತ್ತಿದೆಯೋ ಇಲ್ಲವೋ ತಿಳಿಸದೆ, ಏನನ್ನಿಸುತ್ತಿದೆ ಎಂದು ಕೇಳಿದರಂತೆ. ಯಂತ್ರ ನಿಂತಿದ್ದಾಗಲೂ ಅವರಿಗೆ ತಲೆನೋವು ಬಂತು. ಆ ತಲೆನೋವು ನಾಟಕವಲ್ಲ, ನಿಜವಾದದ್ದೇ. ಯಂತ್ರದಿಂದ ಬಂದದ್ದಲ್ಲ, ಅಷ್ಟೇ.

ಇಷ್ಟನ್ನು ನಾನು ಹೇಳಹೊರಟರೆ ನಮ್ಮ ಬೀದಿಯಲ್ಲಿ ಯಾರಿಗೂ ಬೇಡ. ಹೆಡ್‌ಮಾಸ್ತರಿಗೆ ‘ವಿಷ’ ಎಂಬ ಮಾತು ಬೇಕು, ಕಂಪನಿಯವರಿಗೆ ‘ಮೂಢರು’ ಎಂಬ ಮಾತು ಬೇಕು. ನಡುವೆ ನಿಂತವಳು ಇಬ್ಬರಿಗೂ ದ್ರೋಹಿ.

ಈಗ ಸಂಗೀತ ಶಾಲೆಯ ಹಾಲಿನಲ್ಲಿ ನಡೆದ ಸಭೆಯ ಮಾತಿಗೆ ಬರುತ್ತೇನೆ. ಮೊದಲ ಸಭೆಯಲ್ಲಿ ನೀವು ಎದ್ದು ಹೋಗಿ ಅಲ್ಲಿದ್ದ ಪಿಯಾನೊದ ಬಲತುದಿಯ, ಎಲ್ಲಕ್ಕಿಂತ ಮೇಲಿನ ಸ್ವರದ ಕೀ ಒತ್ತಿ, ‘ಇದಕ್ಕಿಂತ ಒಂದೂವರೆ ಸ್ವರ ಮೇಲೆ. ಟವರ್ ಹಾಡ್ತಿರೋದು ಆ ಸ್ವರ’ ಎಂದಿರಿ. ಸಭೆ ದಂಗಾಗಿ ಹೋಯಿತು. ಎಲ್ಲರೂ ‘ಏನೋ ಗುಂಯ್ ಅನ್ನತ್ತೆ’ ಎನ್ನುತ್ತಿದ್ದಾಗ ಸ್ವರವನ್ನೇ ಹಿಡಿದು ಹೇಳಿದವರು ನೀವೊಬ್ಬರೇ. ನನಗೂ ಒಂದು ಗಳಿಗೆ ಹೆಮ್ಮೆಯಾಯಿತು, ಸುಳ್ಳು ಹೇಳಲಾರೆ. ವಾರ ಕಳೆಯುವುದರೊಳಗೆ ಹನ್ನೊಂದು ಜನಕ್ಕೆ ಅದೇ ಸ್ವರ ಕೇಳಿಸತೊಡಗಿತು. ಪಿಯಾನೊ ಯಾವುದು, ಬೀರು ಯಾವುದು ಎಂದು ಗೊತ್ತಿಲ್ಲದ ಕನ್ನಡಕದ ಅಂಗಡಿಯವರ ಅತ್ತೆ ಕೂಡ ‘ನಂಗೂ ಒಂದೂವರೆ ಸ್ವರಾನೇ ಕಣಮ್ಮ’ ಎಂದರು.

ಎರಡನೆಯ ಸಭೆಯಲ್ಲಿ ನಾನು ಹಿಂದಿನ ಸಾಲಿನಿಂದ ಎದ್ದು ಕೇಳಿದ ಪ್ರಶ್ನೆ ನಿಮಗೆ ಇನ್ನೂ ಗೊತ್ತಿಲ್ಲ. ಅವತ್ತು ನಿಮಗೆ ಅದು ಕೇಳಿಸಲೇ ಇಲ್ಲ. ‘ಈಗ ಈ ಹಾಲಿನಲ್ಲಿ ಬಾಗಿಲು ಮುಚ್ಚಿದೆ, ಟವರ್ ಒಂದು ಮೈಲಿ ಆಚೆ ಇದೆ. ಈಗಲೂ ಸ್ವರ ಕೇಳುತ್ತಿದೆಯೇ?’ ಎಂದು ಕೇಳಿದ್ದೆ. ನೀವು ‘ಏನು?’ ಎಂದಿರಿ. ಮತ್ತೆ ಕೇಳಿದೆ. ಮತ್ತೆ ‘ಏನು?’ ಎಂದಿರಿ. ಮೂರನೆಯ ಸಲ ತಲೆಯಾಡಿಸಿ, ‘ಹೌದು, ಶುಕ್ರವಾರವೇ’ ಎಂದಿರಿ. ಜನ ನಕ್ಕರು. ಟವರಿನ ಸ್ವರ ಹಿಡಿಯುವವರಿಗೆ ಹೆಂಡತಿಯ ಮಾತು ಕೇಳಿಸಲ್ಲ ಎಂದು ಯಾರೋ ಕೂಗಿದರು. ‘ಎಲ್ಲರ ಮನೇಲೂ ಅದೇ ಕಥೆ ಬಿಡ್ರೀ’ ಎಂದು ಇನ್ನೊಬ್ಬರು. ನೀವು ಅವತ್ತು ಸಂಜೆಯೇ ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಅಕ್ಕನ ಮನೆಗೆ ಹೊರಟಿರಿ. ‘ನಾಲ್ಕು ಜನರ ಮುಂದೆ ಮರ್ಯಾದೆ ತೆಗೆದೆ’ ಎಂದಿರಿ. ತೆಗೆಯಬೇಕೆಂದು ಕೇಳಿದ್ದಲ್ಲ. ಆದರೆ ಜನ ನಕ್ಕಾಗ ನಾನು ಕೂತೆ, ಏನೂ ಹೇಳಲಿಲ್ಲ. ಅದು ತಪ್ಪು.

ಅಕ್ಕನ ಮನೆಯಲ್ಲೂ ಆ ಸ್ವರ ಕೇಳುತ್ತಿದೆಯಂತೆ. ಅವರೇ ಹೇಳಿದರು. ಅಲ್ಲಿ ಟವರ್ ಎಲ್ಲಿದೆ ಎಂದು ಕೇಳಿದೆ. ‘ಎಲ್ಲೋ ಇರತ್ತೆ ಬಿಡು, ಕಾಣಿಸದ ಹಾಗೆ ಇಟ್ಟಿರ್ತಾರೆ’ ಎಂದರು.

ರೀ, ಟವರ್ ಬರುವುದಕ್ಕೆ ಎಂಟು ತಿಂಗಳು ಮೊದಲು, ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಎಣಿಸುವ ವಾರದಲ್ಲಿ, ನಾನು ಧೂಳು ಮೆತ್ತಿಕೊಂಡು ಮನೆಗೆ ಬಂದಾಗ ನೀವು ಹಾಲಿನಲ್ಲಿ ಕುರ್ಚಿ ಹತ್ತಿ ನಿಂತಿದ್ದಿರಿ. ‘ಎಲ್ಲೋ ಸೊಳ್ಳೆ ಗುಂಯ್ ಅಂತಿದೆ, ಕಾಣಿಸ್ತಿಲ್ಲ’ ಎಂದಿರಿ. ನಾನೂ ಹುಡುಕಿದೆ. ಸೊಳ್ಳೆ ಇರಲಿಲ್ಲ. ಟವರೂ ಇರಲಿಲ್ಲ.

ನಿಮ್ಮ ಕಿವಿ ಮಂದವಾಗುತ್ತಿದೆ. ನನಗೆ ಗೊತ್ತಾಗಿ ಎರಡು ವರ್ಷವಾಯಿತು. ನಿಮ್ಮ ಬೆನ್ನ ಹಿಂದಿನಿಂದ ಮಾತಾಡುವುದನ್ನು ಬಿಟ್ಟೆ. ಕುಕ್ಕರ್ ಆರಿಸುವುದು ನನ್ನ ಕೆಲಸ ಎಂದು ಮಾಡಿಕೊಂಡೆ. ಕರೆಗಂಟೆ ಬಡಿದರೆ ‘ನಾನು ನೋಡ್ತೀನಿ’ ಎಂದು ಓಡಿದೆ. ಕಳೆದ ವರ್ಷ ಸಂಗೀತ ಶಾಲೆಯ ಮೇಡಂ ನನಗೆ ಫೋನ್ ಮಾಡಿದ್ದರು. ‘ಸಾರ್ ಕೆಲಸದ ಬಗ್ಗೆ ಹೇಳೋಕೆ ಸಂಕೋಚ ಆಗತ್ತೆ. ಮೇಲಿನ ಸ್ವರದ ತಂತಿಗಳು ಈ ಸಲ ಸರಿ ಕೂತಿಲ್ಲ’ ಎಂದರು. ನಾನು ಅವರ ಕಾಲಿಗೆ ಬಿದ್ದ ಹಾಗೆ ಬೇಡಿಕೊಂಡು, ಬೇರೆಯವರಿಂದ ಗುಟ್ಟಾಗಿ ತಿದ್ದಿಸಿಕೊಳ್ಳಿ, ಇವರಿಗೆ ಹೇಳಬೇಡಿ ಎಂದೆ. ಅವರು ಒಪ್ಪಿದರು. ಅದು ಮೂರು ಸಲ ಆಯಿತು. ಇದನ್ನು ಓದುವಾಗ ನಿಮ್ಮ ಮುಖ ಹೇಗಾಗುತ್ತದೆಂದು ನನಗೆ ಗೊತ್ತು. ಆದರೂ ಬರೆದೆ. ಶುಕ್ರವಾರ ಅಪರಿಚಿತರ ಬಾಯಿಂದ ಕೇಳುವುದಕ್ಕಿಂತ ಇದು ವಾಸಿ.

ನೀವು ಬರುವುದಿಲ್ಲವೆಂದು ನಾನೊಬ್ಬಳೇ ಕಿವಿ ಡಾಕ್ಟರ ಹತ್ತಿರ ಹೋಗಿ ಬಂದೆ. ರೋಗಿ ಇಲ್ಲದೆ ರೋಗದ ವರದಿ ಕೊಡುವ ಹೆಂಡತಿಯನ್ನು ಅವರು ಮೊದಲ ಸಲ ನೋಡಿದ್ದಂತೆ. ಪಿಯಾನೊ ಶ್ರುತಿ ಮಾಡುವವರು ಒಂದೊಂದು ಕೀಯನ್ನೂ ಬಲವಾಗಿ ನೂರಾರು ಸಲ ಹೊಡೆಯುತ್ತಾರಲ್ಲ, ವರ್ಷಗಟ್ಟಲೆ ಅದು ಕಿವಿಗೆ ಪೆಟ್ಟು ಎಂದರು. ಮೇಲಿನ ಸ್ವರಗಳು ಮೊದಲು ಮಾಯವಾಗುತ್ತವಂತೆ. ಕೇಳಿಸದೆ ಹೋದ ಜಾಗದಲ್ಲಿ ಮಿದುಳು ತಾನೇ ಒಂದು ಸ್ವರ ಹುಟ್ಟಿಸಿಕೊಳ್ಳುತ್ತದಂತೆ. ಅಂದರೆ ನೀವು ಕೇಳುತ್ತಿರುವುದು ಸುಳ್ಳಲ್ಲ. ಒಂದೂವರೆ ಸ್ವರ ಮೇಲೆ ಎಂದು ಹಿಡಿದಿರಲ್ಲ, ಅದೂ ಬಹುಶಃ ಸರಿಯೇ. ಎಲ್ಲಿಂದ ಬರುತ್ತಿದೆ ಎಂಬುದೊಂದು ತಪ್ಪಿತು. ಪೂರ್ತಿ ವಾಸಿಯಾಗುತ್ತದೆ ಎಂದು ಅವರು ಹೇಳಲಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುವ ದಾರಿಗಳಿವೆ, ತಡ ಮಾಡಬೇಡಿ ಎಂದರು. ಕೊನೆಗೆ ‘ಯಾಕಮ್ಮ ಇಷ್ಟು ಜೋರಾಗಿ ಮಾತಾಡ್ತೀರ? ನಾನು ಇಲ್ಲೇ ಎದುರಿಗೇ ಇದೀನಲ್ಲ’ ಎಂದರು. ನಾನು ಕೂಗುತ್ತಿದ್ದೇನೆ ಎಂದು ನನಗೇ ತಿಳಿದಿರಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ನಿಮ್ಮ ಹೆಸರು ಬರೆಸಿದ್ದೇನೆ. ಬಸ್‌ಸ್ಟ್ಯಾಂಡಿನಲ್ಲಿ ಹತ್ತೂವರೆಗೆ ನಿಂತಿರುತ್ತೇನೆ. ಟವರಿನ ಜಗಳ ನಾನು ಬಿಡುವುದಿಲ್ಲ. ಆ ಏಳು ಪ್ರಶ್ನೆಗಳಿಗೆ ಉತ್ತರ ಬರುವ ತನಕ ಅರ್ಜಿ ಬರೆಯುತ್ತಲೇ ಇರುತ್ತೇನೆ. ಆದರೆ ನಿಮ್ಮ ಕಿವಿಯನ್ನು ಮುಂದಿಟ್ಟುಕೊಂಡು ಆ ಜಗಳ ಬೇಡ.

ಇನ್ನೂ ನಿಮ್ಮವಳೇ ಆದ,
ಗ್ರಂಥಾಲಯದವಳು

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ಬಿಚ್ಚಿದೆ. ಕಂಪನಿಯವರು ಕಿವಿಯ ಮಾತು ಎತ್ತುತ್ತಾರೆಂದು ನಿನಗೆ ಹೇಗೆ ಗೊತ್ತು ಎಂದು ನೀವು ಕೇಳಿಯೇ ಕೇಳುತ್ತೀರಿ. ಅವರಿಗೆ ಹೇಳಿದವಳು ನಾನೇ. ನೀವು ಹೋದ ಮರುದಿನ ಕಂಪನಿಯ ಒಬ್ಬರು ನನ್ನ ಮೇಜಿಗೆ ಬಂದು ಹಳೆಯ ಪತ್ರಿಕೆಗಳನ್ನು ಕೇಳಿದರು, ತೆಗೆದುಕೊಟ್ಟೆ. ಹಾಗೇ ಮಾತಿಗೆ ಮಾತು ಬಂದು, ‘ಆ ಪಿಯಾನೊ ಸಾರ್‌ಗೆ ಶಬ್ದ ಶುರುವಾಗಿದ್ದು ಟವರ್ ಬಂದ ಮೇಲೇನಾ ಮೇಡಂ?’ ಎಂದರು. ಮೂವತ್ತು ವರ್ಷದಿಂದ ಆ ಮೇಜಿನ ಮುಂದೆ ಯಾರು ಏನು ಕೇಳಿದರೂ ಸರಿಯಾದ ಉತ್ತರ ಹುಡುಕಿ ಕೊಡುವುದೇ ನನ್ನ ಕೆಲಸ. ನಿಮ್ಮ ಮೇಲೆ ಸಿಟ್ಟೂ ಇತ್ತು. ಎಂಟು ತಿಂಗಳು ಮೊದಲೇ ಎಂದೆ. ತಾರೀಖೂ ಕೊಟ್ಟೆ. ಅವರು ಬರೆದುಕೊಂಡರು, ಥ್ಯಾಂಕ್ಸ್ ಹೇಳಿದರು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಇದನ್ನೆಲ್ಲ ಓದಿಯೂ ನೀವು ಸಹಿ ಮಾಡುವುದೇ ಆದರೆ, ಮಾಡಿ. ಶುಕ್ರವಾರ ನಾನೂ ಬರುತ್ತೇನೆ. ಯಾರು ಹೇಳಿದ್ದು ಎಂದು ಕೇಳಿದರೆ ಎದ್ದು ನಿಲ್ಲುತ್ತೇನೆ. ಈ ಸಲ ಮುಂದಿನ ಸಾಲಿನಲ್ಲಿ, ನಿಮ್ಮ ಎಡಗಡೆ ಕೂರುತ್ತೇನೆ. ಆ ಕಿವಿ ಇನ್ನೂ ಪರವಾಗಿಲ್ಲ.