ಹೇನಿನ ಹಣಿಗೆಗೆ ಹಲ್ಲು ಕೊಯ್ದದ್ದು

ನನ್ನ ತಲೆ ಬಾಚಿ ಬಾಚಿಯೇ ರಾಯಚೂರಲ್ಲಿ ಹೆಸರು ಮಾಡಿದ ಚಾಚಾ,

ನಿಮ್ಮ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಹಾಗಾಗಿ ನೀವು ಕಟ್ಟಿಗೆಯಲ್ಲಿ ಕೊಯ್ದ ಹಣಿಗೆಗಳಿಗೆಲ್ಲ ಪಕ್ಕದ ಮನೆಯ ನನ್ನ ತಲೆಯ ಮೇಲೇ ಪರೀಕ್ಷೆ. "ನೀಲಾ, ಬಾ ಬೇ ಇಲ್ಲಿ. ಚುಚ್ಚತದೇನು ಹೇಳು" ಎನ್ನುತ್ತಿದ್ದಿರಿ. ಚುಚ್ಚಿದರೆ ಆ ಹಣಿಗೆ ಸೀದಾ ಒಲೆಗೆ. ಓಣಿಯ ಅಷ್ಟು ಹುಡುಗಿಯರಲ್ಲಿ ನನಗೊಬ್ಬಳಿಗೇ ಈ ಮರ್ಯಾದೆ ಅಂತ ಎಷ್ಟು ಬೀಗುತ್ತಿದ್ದೆ, ಗೊತ್ತಾ?

ನೀವು ತೀರಿಹೋಗಿ ಆರು ತಿಂಗಳಿಗೆ ಚಾಚಿ ಟ್ರಂಕು ಹೊರಗೆ ತೆಗೆದರು. "ಆದೋನಿಯಿಂದ ಭೈಯಾ ಬಂದು ಕರಕೊಂಡು ಹೋಗ್ತಾನ. ಕಟ್ಟಿಗಿ ಹಣಿಗಿ ಈಗ ಯಾರಿಗ್ ಬೇಕಾಗ್ಯಾವ? ಸಂತ್ಯಾಗ ಎಲ್ಲಾರೂ ಬಣ್ಣದ್ ಪ್ಲಾಸ್ಟಿಕ್ ಕೇಳ್ತಾರ" ಎಂದರು. ಮಾನ್ವಿಯ ಅಂಗಡಿಯವರೂ ಅದನ್ನೇ ಹೇಳಿದ್ದರು. ಆದರೆ ನಿಮ್ಮ ಅಂಗಡಿಗೆ ಬಾಗಿಲು ಹಾಕಿ ಚಾಚಿಯೂ ಹೋಗಿಬಿಟ್ಟರೆ ನನಗೆ ಇಲ್ಲಿ... "ಸ್ವಲ್ಪ ತಡೀರಿ ಚಾಚಿ, ಪ್ಲಾಸ್ಟಿಕ್ ನಾವೂ ಮಾಡೂಣು" ಎಂದುಬಿಟ್ಟೆ.

ಹೈದರಾಬಾದಿನಿಂದ ಕೈಯಲ್ಲಿ ಒತ್ತುವ ಹಳೇ ಯಂತ್ರ ಬಂದ ದಿನ ನಿಮ್ಮ ಮುಖವೇ ಕಣ್ಣೆದುರು. "ಅಚ್ಚಿನ್ಯಾಗ ಬೆಲ್ಲ ಹೊಯ್ಯಬೇಕು, ಹಣಿಗಿ ಅಲ್ಲ" ಅಂತ ನಗುತ್ತಿದ್ದಿರಲ್ಲ. ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಒತ್ತಿದೆವು. ದೊಡ್ಡ ಹಲ್ಲಿನ ಹಣಿಗೆ ಚೆನ್ನಾಗಿಯೇ ಬಂತು. ಆದರೆ ಜನ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದದ್ದು ಹೇನಿನ ಹಣಿಗೆಗೆ ಅಲ್ಲವೇ? ಅದರ ಸಣ್ಣ ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಪೊರೆ ಕಟ್ಟಿಕೊಂಡಿತು. ಬ್ಲೇಡಿನಿಂದ ಕೆರೆದರೆ ಸಂದು ಅಗಲವಾಯಿತು. ಚಾಚಿ ನನ್ನ ತಂಗಿಯ ತಲೆ ಬಾಚಿ, ಕೆಳಗೆ ಹಾಸಿದ್ದ ಬಿಳಿ ಬಟ್ಟೆ ನೋಡಿದರು. ಖಾಲಿ. "ಹೇನು ಇದರ ಮ್ಯಾಲ ಸವಾರಿ ಮಾಡ್ತಾವ, ಇಳ್ಯಂಗಿಲ್ಲ" ಎಂದು ಬಟ್ಟೆಬರೆ ಮಡಚತೊಡಗಿದರು.

ಅವರು ಸೀರೆ ಮಡಚುವುದನ್ನು ನೋಡುತ್ತ ಕೂತಾಗಲೇ ಹೊಳೆದದ್ದು. ಪೂರಾ ಹಣಿಗೆಯನ್ನು ಅಚ್ಚಿನಲ್ಲೇ ಯಾಕೆ ಮಾಡಬೇಕು? ಹಲ್ಲಿಲ್ಲದ ಬರೀ ಪಟ್ಟಿ ಅಚ್ಚಿನಿಂದ ತೆಗೆದು, ಹಲ್ಲನ್ನು ನಿಮ್ಮ ಗರಗಸದಿಂದ ಕೊಯ್ದರೆ? ಬೇರೆ ಅಚ್ಚು ಮಾಡಿಸಿದೆ. ಕೊಯ್ದೆ. ಗರಗಸ ಬಿಸಿಯಾಗಿ ಪ್ಲಾಸ್ಟಿಕ್ ಕರಗಿತು, ಕೊಯ್ದ ಸಂದು ಹಿಂದಿನಿಂದ ಮತ್ತೆ ಅಂಟಿಕೊಂಡಿತು. ಅಳುವುದೊಂದು ಬಾಕಿ. ಚಾಚಿ ಬಂದು ನಿಂತರು. "ಕಲ್ಲು ಕೊಯ್ಯಾವ್ರು ನೀರು ಯಾಕ್ ಬಿಡ್ತಾರ ಬೇ? ನಿಮ್ಮ ಚಾಚಾನಂಗ ಗಡಬಡಿ ಮಾಡಬ್ಯಾಡ" ಎಂದು ಚೊಂಬಿನಿಂದ ಹನಿಹನಿ ನೀರು ಬಿಟ್ಟರು. ಗರಗಸ ತಣ್ಣಗೆ ಇಳಿಯಿತು. ಹಲ್ಲು ಬಿಡಿಬಿಡಿಯಾಗಿ ನಿಂತವು. ಈ ಸಲ ಬಟ್ಟೆಯ ಮೇಲೆ ಏನೇನು ಬಿತ್ತು ಅಂತ ಬರೆಯುವುದಿಲ್ಲ, ತಂಗಿ ಓದಿದರೆ ಜಗಳ. ನಾನಂತೂ ಆವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ದೇವದುರ್ಗದ ಹುಡುಗಿಯರ ಹಾಸ್ಟೆಲಿನವರು ಮೊದಲು ಒಂದೇ ಒಂದು ಒಯ್ದರು. ಮುಂದಿನ ವಾರ ಪೆಟ್ಟಿಗೆ ತುಂಬ ಬೇಕೆಂದರು. ಈಗ ಅಚ್ಚು ಒತ್ತುವುದು ನಾನು, ಗರಗಸ ಚಾಚಿಯದು. ನಿಮಗೆ ಸಿಟ್ಟು ಬರುತ್ತದೆ ಅಂತ ಎಷ್ಟು ಹೆದರಿದ್ದೆ... ಚುಚ್ಚದೆ ಹೇನು ತೆಗೆದರೆ ನಿಮಗೆ ಇನ್ನೇನು ತಕರಾರು, ಹೇಳಿ?

ಮೊನ್ನೆ ಚಾಚಿಯ ಆದೋನಿಯ ಅಣ್ಣ ನಿಲ್ದಾಣದಿಂದ ಟಾಂಗಾ ಮಾಡಿಕೊಂಡೇ ಬಂದರು. ಬಾಗಿಲಲ್ಲಿ ನಿಂತು, "ಚಲ್ತೀ ಕ್ಯಾ?" ಎಂದು, ಬರ್ತೀಯಾ ಅಂತ, ಚಾಚಿಯನ್ನು ಕೇಳಿದರು. ಚಾಚಿ ಗರಗಸದಿಂದ ತಲೆ ಎತ್ತಲಿಲ್ಲ. ನನಗೂ ಕೇಳಲಿ ಅಂತಲೋ ಏನೋ, ಕನ್ನಡದಲ್ಲೇ ಹೇಳಿದರು. "ಬಾಗಿಲ್ದಾಗ ನಿಂದ್ರಬ್ಯಾಡ ಭೈಯಾ, ಅತ್ಲಾಗ ಸರಿ. ಬೆಳಕಿಲ್ದೇ ಹಲ್ಲು ಕಾಣವಲ್ವು."

ಅವರು ಸರಿದು ನಿಂತರು. ಟಾಂಗಾದವನನ್ನು ನಾನೇ ಹೋಗಿ ಕಳಿಸಿ ಬಂದೆ, ಚಾಚಾ.

ನಿಮ್ಮ ನೀಲಾ