ಕಳೆದ ವರ್ಷದ ಅಂಕಿ, ಈ ವರ್ಷದ ಖಾಲಿ ಬೆಂಚು

ಮಾನ್ಯ ಪ್ರವೇಶಾಧಿಕಾರಿಗಳೇ,

ನಿಮ್ಮ ವಿಶ್ವವಿದ್ಯಾಲಯದ ಭೂವಿಜ್ಞಾನ ತರಗತಿಯಲ್ಲಿ ಈ ವರ್ಷ ಒಂಬತ್ತು ಸೀಟು ಖಾಲಿ ಬಿದ್ದಿವೆ. ದಾರಿಯಲ್ಲಿ ಹೆಕ್ಕಿದ ಕಲ್ಲುಗಳಿಂದಲೇ ನಮ್ಮ ಮನೆಯ ಕಿಟಕಿ ತುಂಬಿಸಿಟ್ಟಿರುವ ನನ್ನ ಮಗಳು ಮಾತ್ರ ಪಕ್ಕದ ಕಟ್ಟಡದಲ್ಲಿ ವಾಣಿಜ್ಯಶಾಸ್ತ್ರದ ಪಾಠ ಕೇಳುತ್ತಿದ್ದಾಳೆ. ಅವಳಿಗೆ ಸೀಟು ಇಲ್ಲವೆಂದವರು ಯಾರು ಎಂದು ನಿಮ್ಮ ಕಚೇರಿಯಲ್ಲಿ ವಿಚಾರಿಸಿದೆ. ಯಾರೂ ಅಲ್ಲವಂತೆ, ಅವಳು ಕೇಳಲೇ ಇಲ್ಲವಂತೆ. ಹೌದು ಸ್ವಾಮಿ, ಕೇಳಲಿಲ್ಲ.

ಅರ್ಜಿ ಹಾಕಲು ಬಂದ ದಿನ ನಿಮ್ಮ ಗೋಡೆಯ ಮೇಲೊಂದು ಫಲಕವಿತ್ತು. ಭೂವಿಜ್ಞಾನದ ಎದುರಿಗೆ ದಪ್ಪಕ್ಷರದಲ್ಲಿ 'ಕಟ್‌ಆಫ್ 88' ಎಂದಿತ್ತು. ಮಗಳದ್ದು ಎಂಬತ್ನಾಲ್ಕು. ಒಂದು ಅರ್ಜಿಗೆ ಒಂದೇ ವಿಷಯ ಎಂಬುದು ನಿಮ್ಮ ನಿಯಮ. ಕಿಟಕಿಯಾಚೆಯ ಗುಮಾಸ್ತರು ಅಂಕಪಟ್ಟಿ ನೋಡಿ, "ಬೋರ್ಡ್ ನೋಡ್ಲಿಲ್ವೇನಮ್ಮ? ಸುಮ್ನೆ ಯಾಕೆ ಅರ್ಜಿ ಹಾಳ್ಮಾಡ್ಕೋತೀಯ?" ಎಂದರು. ನಾನೂ ತಾಯಿಯಾಗಿ ನನ್ನ ಪಾಲಿನ ಬುದ್ಧಿ ಹೇಳಿದೆ: "ಹಾಸಿಗೆ ಇದ್ದಷ್ಟು ಕಾಲು ಚಾಚು ಮಗಳೇ." ಅವಳು ಅರ್ಜಿಯಲ್ಲಿ ವಾಣಿಜ್ಯಶಾಸ್ತ್ರ ಎಂದು ಬರೆದಳು. ಹಾಸಿಗೆ ಬೇಕಾದಷ್ಟು ಉದ್ದವಿತ್ತು ಎಂಬುದು ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಆ ಎಂಬತ್ತೆಂಟು ಯಾರೂ ವಿಧಿಸಿದ ಅರ್ಹತೆಯಲ್ಲವಂತೆ. ಕಳೆದ ವರ್ಷ ಕಟ್ಟಕಡೆಗೆ ಸೀಟು ಪಡೆದವರ ಅಂಕವಂತೆ, ಅಷ್ಟೇ. ಈ ವರ್ಷದ ಅಂಕಿ ಈ ವರ್ಷದ ಅರ್ಜಿಗಳೆಲ್ಲ ಬಂದ ಮೇಲೆಯೇ ತಿಳಿಯುವುದು. ಹಾಗಾದರೆ ಹಳೆಯ ಅಂಕಿಯನ್ನು ಬಾಗಿಲಲ್ಲೇ ತೂಗುಹಾಕಿ ಮಕ್ಕಳನ್ನು ಹೆದರಿಸುವುದು ಯಾವ ಶಾಸ್ತ್ರ? ನಾನು ಹಲ್ಲಿನ ಡಾಕ್ಟರ ಬಳಿ ಟೋಕನ್ ಕೊಡುವವಳು. ನಿನ್ನೆ ಮೂವತ್ತಕ್ಕೆ ನಿಂತಿತ್ತೆಂದು ಇವತ್ತು ಮೂವತ್ತೊಂದನೆಯವರನ್ನು ಬಾಗಿಲಿಂದಲೇ ಕಳಿಸಿದರೆ ನಮ್ಮ ಡಾಕ್ಟರು ಖಾಲಿ ಕುರ್ಚಿಯ ಹಲ್ಲು ಕೀಳಬೇಕಾದೀತು. ನಿಮ್ಮಲ್ಲಿ ಆದದ್ದೂ ಅದೇ. ಫಲಕ ಓದಿದವರೆಲ್ಲ ಹಿಂದೆ ಸರಿದರು, ಬೆಂಚು ಖಾಲಿ ಉಳಿಯಿತು.

ಎಲ್ಲರೂ ಸರಿಯಲಿಲ್ಲ ಅನ್ನಿ. ಮಗಳ ಗೆಳತಿಯೊಬ್ಬಳಿಗೆ ಎಪ್ಪತ್ತೊಂಬತ್ತು ಬಂದಿತ್ತು. ಆ ಹುಡುಗಿ ಈಗ ಭೂವಿಜ್ಞಾನದ ಮೊದಲ ಬೆಂಚಿನಲ್ಲಿದ್ದಾಳೆ. "ಅಯ್ಯೋ ಆಂಟಿ, ನಾನು ಬೋರ್ಡ್ ನೋಡ್ಲೇ ಇಲ್ಲ!" ಎಂದು ನಕ್ಕಳು. ಅವಳ ಮೇಲೆ ನನಗೇನೂ ಸಿಟ್ಟಿಲ್ಲ, ಚೆನ್ನಾಗಿ ಓದಲಿ. ಆದರೆ ಓದಿದವಳಿಗೆ ಶಿಕ್ಷೆ, ಓದದವಳಿಗೆ ಸೀಟು ಎಂಬ ಪದ್ಧತಿ ವಿದ್ಯಾಸಂಸ್ಥೆಗೆ ಶೋಭೆ ತರುತ್ತದೆಯೇ?

ವಿಷಯ ಬದಲಿಸಿಕೊಡಿ ಎಂದು ಅವಳ ಅರ್ಜಿ ಹಿಡಿದು ಮತ್ತೆ ಬಂದಾಗ 'ಅರ್ಜಿಗಳ ಪರಿಶೀಲನೆ ಮುಗಿದಿದೆ' ಎಂಬ ಒಂದೇ ಸಾಲಿನ ಉತ್ತರ ಸಿಕ್ಕಿತು. ಮನೆಗೆ ಬಂದು ಈ ಪತ್ರ ಬರೆಯಲು ಕೂತರೆ ಮಗಳು ಪೆನ್ನು ಕಸಿದುಕೊಂಡಳು. "ಬಿಡಮ್ಮ, ಅವರು ಒಪ್ಪಲ್ಲ. ಸುಮ್ನೆ ಯಾಕೆ ಕೇಳೋದು?"

ಹೀಗೆಂದವಳು ಯಾರು ಗೊತ್ತೇ? ಹಟ ಮಾಡಿ ಕಲ್ಲಿಗಾಗಿ ರಸ್ತೆಯಲ್ಲೇ ಕೂತುಬಿಡುತ್ತಿದ್ದ ಹುಡುಗಿ ಅದು. ಪಾಠ ಶುರುವಾಗುವ ಮುಂಚೆಯೇ ನೀವು ಅವಳಿಗೆ ಕಲಿಸಿದ್ದು ಇದನ್ನೇ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಆ ಫಲಕ ಇಳಿಸಿ. ಸೀಟು ಉಳಿದಿರುವಷ್ಟು ದಿನ ವಿಷಯ ಬದಲಿಸಲು ಅವಕಾಶ ಕೊಡಿ. ಅವಳ ಅರ್ಜಿಯನ್ನು ಒಮ್ಮೆ ನಿಜವಾಗಿ ಓದಿ. ಆಮೇಲೂ 'ಇಲ್ಲ' ಎನ್ನುವುದಾದರೆ ನೀವೇ ಹೇಳಿ, ನಮ್ಮ ಮಕ್ಕಳ ಬಾಯಿಂದ ಹೇಳಿಸಬೇಡಿ.

ಇಂತಿ,
ಪೆನ್ನನ್ನು ಮಗಳ ಕೈಯಿಂದ ವಾಪಸು ಕಿತ್ತುಕೊಂಡ,
ನಿಮ್ಮ ಫಲಕವನ್ನು ನಂಬಿ ಕೆಟ್ಟ ತಾಯಿ