ಕಮಾನಿನ ಎಡಭಾಗ

ಲೇ ಜಗದೇವ,

ಎಡಗೈ ಸಾವಕಾರ, ಎಲ್ಲಿದ್ದರೂ ಬಲವಾಗಿದ್ದೀಯೆಂದು ನಂಬಿದ್ದೇನೆ.

ಇವತ್ತು ಅಫಜಲಪುರದಲ್ಲಿ ತುಳಸಾಬಾಯಿಯವರ ದೇವರಮನೆ ಬಾಗಿಲ ಕಮಾನಿಗೆ ಸಾಗವಾನಿಯ ಅಂಚುಪಟ್ಟಿ ಮಾಡಿದೆ. ಮರದ ಎಳೆ ಏಳದಂತೆ ಬಾಗಿದ ಪಟ್ಟಿಯನ್ನು ನೆತ್ತಿಯಿಂದ ಎರಡೂ ಕಡೆ ಕೆಳಮುಖವಾಗಿ ಕೆರೆಯಬೇಕಲ್ಲ? ಬಲಭಾಗ ನನ್ನದು, ಎಡಭಾಗ ನಿನ್ನದು ಎಂದು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆವು. ಇವತ್ತು ಎರಡಕ್ಕೂ ನಾನೇ ನಿಂತೆ. ನನ್ನ ಎಡಗೈ ಹೇಳಿದ ಮಾತು ಕೇಳಲಿಲ್ಲ. ಆ ಕಡೆಯೆಲ್ಲ ಸಿಬಿರೆದ್ದಿತು.

ತುಳಸಾಬಾಯಿ ಬೆರಳಾಡಿಸಿ ನೋಡಿದರು. "ಈ ಕಡಿ ಒರಟ ಆಗೇದಲ್ರಿ. ಜಗದೇವ ಬಂದಿದ್ದನೇನು? ಮಣ್ಣೂರಾಗೂ ಅಂವನೇ ಕೆಡಿಸಿದ್ನಂತ."

ಮಣ್ಣೂರಿನ ಕಮಾನಿನ ಕೆಲಸದಲ್ಲಿ ನೀನು ಚಹಾಕ್ಕೆ ಹೋದಾಗ, ನಕ್ಷೆಯ ಅಂಚಿದ್ದ ನಿನ್ನ ಕೆರೆಯುವ ಬ್ಲೇಡನ್ನು ಹಿಂದುಮುಂದಾಗಿ ತಿರುವಿಟ್ಟವನು ನಾನು. ನೀನು ಕಂಡುಹಿಡಿದು ನನ್ನನ್ನು ಬೈಯುತ್ತೀಯೆಂದುಕೊಂಡಿದ್ದೆ. ನೀನು ನೋಡದೆ ಕೆರೆದೆ. ನಿನ್ನ ಅರ್ಧದ ನಕ್ಷೆ ಉಲ್ಟಾ ಬಂದು ನನ್ನ ಅರ್ಧಕ್ಕೆ ಕೂಡಲೇ ಇಲ್ಲ. ಮನೆಯವರು ನಿನ್ನನ್ನು ಬೈಯುವಾಗ ನಾನು "ಎಡಚನ ಕೆಲಸ ಎಡವಟ್ಟು" ಎಂದು ಎಲ್ಲರನ್ನೂ ನಗಿಸಿದೆ. ಮರುದಿನ ನೀನು ಉಳಿಗಳನ್ನು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋದೆ.

ಇವತ್ತೂ ಅದೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಇದು ನನ್ನ ತಪ್ಪರಿ, ಬಾಯಾರ. ಮಣ್ಣೂರಿಂದೂ ನಂದೇರಿ. ಅಂವನ ಬ್ಲೇಡ್ ನಾ ಹೊಳ್ಳಿಸಿ ಇಟ್ಟಿದ್ದೆ."

"ನಿಮ್ಮ ಚಾಷ್ಟಿ ಸಾಕ್ರಿ, ಗುರುನಾಥಪ್ಪ," ಎಂದು ಅವರು ನಕ್ಕರು. "ಚಾಷ್ಟಿ ಅಲ್ರಿ, ಖರೇ ಹೇಳಾಕತ್ತೇನಿ," ಎಂದರೆ ಇನ್ನೂ ಜೋರಾಗಿ ನಕ್ಕರು. ಇಷ್ಟು ವರ್ಷ ಎಲ್ಲರನ್ನೂ ನಗಿಸಿದ ಬಾಯಿಗೆ ನಿಜ ಹೇಳಿದರೂ ನಗುವೇ ಸಿಗುತ್ತದೆ.

ನಿನ್ನ ಸೊಲ್ಲಾಪುರದ ವಿಳಾಸ ನನ್ನ ಹತ್ತಿರ ಇದೆ. ಇದನ್ನು ಓದಿದರೆ ನಗದೆ ನಂಬುವವನು ನೀನೊಬ್ಬನೇ. ಅದಕ್ಕೇ ಕಳಿಸುತ್ತಿಲ್ಲ.

ಗುರುನಾಥ